ಕ್ಲಬ್ ಪಂದ್ಯಕ್ಕೆ ಸಣ್ಣ ಒನ್-ಡಿಸೈನ್ ಕೀಲ್ ದೋಣಿಯೇ ಏಕೆ? ಡಬ್ಲಿನ್ ಕೊಲ್ಲಿಯಿಂದ ಒಂದು ಪ್ರಶ್ನೆ

ಶರಾವತಿ ತೀರ (ಡಬ್ಲಿನ್):

ಎಲ್ಲರಿಗೂ ನಮಸ್ಕಾರ. ಕಳೆದ ಕೆಲವು ಬೇಸಿಗೆಗಳಿಂದ ಡನ್ ಲೇರಿ ಬಂದರಿನಲ್ಲಿ ಬೇರೆಯವರ ಕ್ರೂಸರ್ ಹಾಯಿದೋಣಿಯೊಂದರಲ್ಲಿ ಕ್ರೂ ಆಗಿ ಹೋಗುತ್ತಿದ್ದೇನೆ. ಈಗ ಸ್ನೇಹಿತರೊಬ್ಬರ ಜೊತೆ ಪಾಲು ಹಾಕಿ ಸ್ವಂತ ದೋಣಿ ಕೊಳ್ಳುವ ಯೋಚನೆ ಇದೆ. ನಮ್ಮ ಕೈಯಲ್ಲಿರುವ ಹಣಕ್ಕೆ 28 ಅಡಿಯ ಹಳೆಯ ಕ್ರೂಸರ್ ಸಿಗುತ್ತದೆ. ಅದರಲ್ಲಿ ಮಲಗಲು ಜಾಗ, ಚಹಾ ಕಾಯಿಸಲು ಒಲೆ, ಗಾಳಿ ನಿಂತರೆ ಮನೆಗೆ ತಲುಪಿಸುವ ಎಂಜಿನ್ ಎಲ್ಲವೂ ಇವೆ. ಅದಕ್ಕಿಂತ ಕಡಿಮೆ ಹಣಕ್ಕೆ 20 ಅಡಿಯ ಫ್ಲೈಯಿಂಗ್ ಫಿಫ್ಟೀನ್ ಸಿಗುತ್ತದೆ. ಅದು ಒನ್-ಡಿಸೈನ್ ಕೀಲ್ ದೋಣಿ, ಅಂದರೆ ಎಲ್ಲವನ್ನೂ ಒಂದೇ ನಕ್ಷೆಯಂತೆ ಕಟ್ಟಿದ, ಮಗುಚದಂತೆ ತಳದಲ್ಲಿ ಭಾರದ ರೆಕ್ಕೆ (ಕೀಲ್) ಇರುವ ಬಗೆಯದು. ಅದರಲ್ಲಿ ಇವು ಯಾವುವೂ ಇಲ್ಲ, ಒದ್ದೆಯಾಗುವುದು ಮಾತ್ರ ಖಚಿತ. ಹೀಗಿದ್ದರೂ ಗುರುವಾರ ಸಂಜೆ ಬಂದರಿನ ಬಾಯಿಂದ ಹೊರಬೀಳುವ ದೋಣಿಗಳನ್ನು ನೋಡಿದರೆ, ಅನುಭವಸ್ಥರೆಂದು ನಾನು ಗೌರವಿಸುವವರಲ್ಲಿ ಹಲವರು ಈ ಎರಡನೆಯ ಬಗೆಯದನ್ನೇ ಆರಿಸಿಕೊಂಡಿದ್ದಾರೆ. "ಮಜಾ ಇರುತ್ತದೆ" ಎಂಬುದಕ್ಕಿಂತ ಗಟ್ಟಿಯಾದ ಕಾರಣಗಳನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಹಳೆಯ ಹಾಯಿಗಾರ (ಡನ್ ಲೇರಿ):

ನೀವು ಕ್ರೂಸರ್‌ನಲ್ಲಿ ಗೆರೆ ದಾಟಿದಾಗ ಎಷ್ಟನೆಯವರಾಗಿ ಬಂದಿರೆಂದು ಆ ಕ್ಷಣದಲ್ಲಿ ನಿಮಗೆ ಗೊತ್ತಿರುತ್ತದೆಯೇ? ಮುಂದೆ ಹೋದ ದೋಣಿ ನಿಮಗಿಂತ ಉದ್ದದ್ದು, ಹಿಂದೆ ಬರುತ್ತಿರುವುದು ಗಿಡ್ಡದ್ದು. ಐಆರ್‌ಸಿ ಎಂಬ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ (ಬೇರೆ ಬೇರೆ ಬಗೆಯ ದೋಣಿಗಳನ್ನು ಸರಿದೂಗಿಸುವ ಲೆಕ್ಕ) ಪ್ರತಿಯೊಂದಕ್ಕೂ ಒಂದು ಗುಣಕ ಇರುತ್ತದೆ ಮತ್ತು ತೆಗೆದುಕೊಂಡ ಕಾಲವನ್ನು ಅದರಿಂದ ಗುಣಿಸಿ ಸ್ಥಾನ ನಿರ್ಧರಿಸುತ್ತಾರೆ. 0.950 ಗುಣಕದ ದೋಣಿ 60 ನಿಮಿಷದಲ್ಲಿ ಮುಗಿಸಿದರೆ ಅದನ್ನು 57 ನಿಮಿಷವೆಂದು ಹಿಡಿಯಬೇಕು. ಲೆಕ್ಕ ಸರಿಯಾಗಿಯೇ ಇರುತ್ತದೆ, ಆದರೆ ಗೆದ್ದದ್ದೂ ಸೋತದ್ದೂ ಕ್ಲಬ್ಬಿನ ಗೋಡೆಯ ಮೇಲೆ ಕಾಗದ ಅಂಟಿಸಿದ ಮೇಲೆಯೇ ಗೊತ್ತಾಗುವುದು.

ಕಂಬಳದಲ್ಲಿ ಹಗ್ಗದ ಕೋಣಗಳನ್ನು ಅಡ್ಡಹಲಗೆಯ ಕೋಣಗಳ ಜೊತೆ ಓಡಿಸಿ ಆಮೇಲೆ ಕೂಡಿಸಿ ಕಳೆದು ಗೆದ್ದವರನ್ನು ಹೇಳುವ ಪದ್ಧತಿ ಇಲ್ಲವಷ್ಟೆ. ಒನ್-ಡಿಸೈನ್ ಪಂದ್ಯದಲ್ಲಿಯೂ ಒಂದೇ ಬಗೆಯ ದೋಣಿಗಳು ಒಟ್ಟಿಗೆ ಹೊರಟು, ಮೊದಲು ಗೆರೆ ದಾಟಿದವರು ಮೊದಲಿಗರಾಗುತ್ತಾರೆ. ಇದರ ಪರಿಣಾಮ ಫಲಿತಾಂಶಕ್ಕಷ್ಟೇ ಸೀಮಿತವಲ್ಲ. ನನ್ನ ಪಕ್ಕದ ದೋಣಿ ನನ್ನದಕ್ಕಿಂತ ಅರ್ಧ ಅಡಿ ಮುಂದೆ ಸರಿಯುತ್ತಿದೆ ಎಂದರೆ ಅವರು ಏನನ್ನೋ ಸರಿಯಾಗಿ ಮಾಡುತ್ತಿದ್ದಾರೆ, ನಾನು ಮಾಡುತ್ತಿಲ್ಲ ಎಂದೇ ಅರ್ಥ. ಅವರ ಜಿಬ್ ಎಂಬ ಮುಂದಿನ ಹಾಯಿಯ ಹಗ್ಗ ಎಷ್ಟು ಬಿಗಿಯಾಗಿದೆ, ಹಾಯಿಗೆ ಅಂಟಿಸಿದ ಉಣ್ಣೆಯ ಎಳೆಗಳು ಹೇಗೆ ಹಾರುತ್ತಿವೆ, ದೋಣಿ ಎಷ್ಟು ವಾಲಿದೆ ಎಂದು ನೋಡಿ ನನ್ನದನ್ನು ತಿದ್ದಿಕೊಳ್ಳಬಹುದು. ತಿದ್ದಿದ್ದು ಸರಿಯೋ ತಪ್ಪೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಕ್ರೂಸರ್‌ಗಳ ಗುಂಪಿನಲ್ಲಿ ಹೀಗೆ ಹೋಲಿಸಿ ಕಲಿಯುವ ಅವಕಾಶ ಬಹಳ ಕಡಿಮೆ.

ಇನ್ನು ಫ್ಲೈಯಿಂಗ್ ಫಿಫ್ಟೀನ್ ಬಗ್ಗೆ. ಇಂಗ್ಲಿಷ್ ದೋಣಿ ವಿನ್ಯಾಸಕ ಉಫಾ ಫಾಕ್ಸ್ 1947ರಲ್ಲಿ ಇದರ ನಕ್ಷೆ ಮಾಡಿದರು. ದೋಣಿ 20 ಅಡಿ ಉದ್ದವಿದ್ದರೂ ನೀರ್ಗೆರೆಯಲ್ಲಿ, ಅಂದರೆ ನೀರಿನ ಮಟ್ಟದಲ್ಲಿ, ಅಳೆದರೆ 15 ಅಡಿ. ಹೆಸರು ಬಂದದ್ದು ಅದರಿಂದ. ಕೆಳಗೆ ಎರಕದ ಕಬ್ಬಿಣದ ಕೀಲ್ ಇದೆ, ಆದರೂ ದೋಣಿ ಹಗುರ. ಗಾಳಿ ಜೋರಾಗಿದ್ದು ಹಿಂದಿನಿಂದ ಬೀಸಿದರೆ ಮೂತಿ ಎತ್ತಿ ನೀರಿನ ಮೇಲೆ ಜಾರುತ್ತಾ ಓಡುತ್ತದೆ. ಕೀಲ್ ಇರುವ ದೋಣಿ ಹೀಗೆ ಓಡುವುದು ಆ ಕಾಲಕ್ಕೆ ಅಚ್ಚರಿಯೇ ಆಗಿತ್ತು. 1949ರಲ್ಲಿ ಇಂಗ್ಲೆಂಡಿನ ಕೌಸ್ ಪಟ್ಟಣದವರು ರಾಜಕುಮಾರಿ ಎಲಿಜಬೆತ್ ಮತ್ತು ಅವರ ಪತಿ ಫಿಲಿಪ್ ಅವರಿಗೆ ಉಡುಗೊರೆಯಾಗಿ ಕೊಟ್ಟ 'ಕೌಸ್ಲಿಪ್' ಎಂಬ ದೋಣಿಯೂ ಇದೇ ಬಗೆಯದು. ಓಡಿಸಲು ಇಬ್ಬರು ಸಾಕು, ಮತ್ತು ಪಂದ್ಯ ಮುಗಿದ ಮೇಲೆ ಕ್ರೇನ್‌ನಿಂದ ಮೇಲೆತ್ತಿ ಟ್ರಾಲಿಯ ಮೇಲೆ ಒಣನೆಲದಲ್ಲಿ ಇಡಬಹುದಾದ್ದರಿಂದ ತಳಕ್ಕೆ ಪಾಚಿ ಹಿಡಿಯುವುದಿಲ್ಲ, ವರ್ಷವಿಡೀ ಮೂರಿಂಗ್ (ನೀರಿನಲ್ಲಿ ದೋಣಿ ಕಟ್ಟಿ ನಿಲ್ಲಿಸುವ ಜಾಗ) ಬಾಡಿಗೆಯೂ ಬೇಡ.

ಲೆಕ್ಕಿಗ (ಕಾರ್ಕ್):

ಹಿರಿಯರ ಮಾತಿಗೆ ಗೌರವ ಕೊಟ್ಟೇ ಒಂದೆರಡು ಆಕ್ಷೇಪ ಎತ್ತುತ್ತೇನೆ. ಮೊದಲನೆಯದಾಗಿ, ಹ್ಯಾಂಡಿಕ್ಯಾಪ್ ಪದ್ಧತಿಯಿಂದಾಗಿಯೇ ಬಹುಪಾಲು ಕ್ಲಬ್‌ಗಳು ಜೀವಂತವಾಗಿವೆ. ಜನರ ಬಳಿ ಆಗಲೇ ಇರುವ ದೋಣಿಗಳು ಬೇರೆ ಬೇರೆ. ಎಲ್ಲರೂ ಅವನ್ನು ಮಾರಿ ಒಂದೇ ಬಗೆಯದನ್ನು ಕೊಳ್ಳಲಿ ಎಂದು ಕಾದು ಕೂತರೆ ಪಂದ್ಯವೇ ನಡೆಯುವುದಿಲ್ಲ. ಐರ್ಲೆಂಡ್‌ನಲ್ಲಿ ಬಳಸುವ ಎಕೋ ಪದ್ಧತಿ ದೋಣಿಯ ಅಳತೆಯ ಬದಲು ಹಿಂದಿನ ಪಂದ್ಯಗಳ ಸಾಧನೆಯನ್ನು ನೋಡಿ ಗುಣಕವನ್ನು ಬದಲಿಸುತ್ತಾ ಹೋಗುವುದರಿಂದ ಹೊಸಬರೂ ಒಂದು ದಿನ ಬಹುಮಾನ ಪಡೆಯುತ್ತಾರೆ. ಒನ್-ಡಿಸೈನ್ ಗುಂಪಿನಲ್ಲಿ ಕೊನೆಯವರು ವಾರ ವಾರವೂ ಕೊನೆಯವರೇ. ಎರಡು ಋತು ಹಾಗೆ ಕಳೆದ ಮೇಲೆ ಅವರು ದೋಣಿ ಮಾರುತ್ತಾರೆ, ಗುಂಪು ಸಣ್ಣದಾಗುತ್ತದೆ, ಇನ್ನೊಬ್ಬರು ಬಿಡುತ್ತಾರೆ.

ಎರಡನೆಯದಾಗಿ, "ಒಂದೇ ಬಗೆಯ ದೋಣಿ" ಎಂಬುದು ಎಷ್ಟು ನಿಜ? 2017ರಲ್ಲಿ ಸಾರ್ಡಿನಿಯಾದ ಪೋರ್ಟೊ ಚೆರ್ವೊದಲ್ಲಿ ಜೆ/70 ಎಂಬ ಒನ್-ಡಿಸೈನ್ ಕೀಲ್ ದೋಣಿಗಳ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, ನಿಯಮ ಮೀರಿ ರೂಪ ಬದಲಿಸಿದ್ದಾರೆಂದು ಕೆಲವು ದೋಣಿಗಳನ್ನು ಹೊರಗಿಡಬೇಕಾಯಿತು. ಕಾರ್ಖಾನೆಯ ಅಚ್ಚಿನಿಂದ ಬಂದ ದೋಣಿಗಳ ಕತೆಯೇ ಹೀಗಾದರೆ, ಎಪ್ಪತ್ತು ವರ್ಷಗಳಿಂದ ಹಲವು ತಯಾರಕರು ಕಟ್ಟುತ್ತಾ ಬಂದ ಫ್ಲೈಯಿಂಗ್ ಫಿಫ್ಟೀನ್‌ಗಳು ಸಮಾನವೆಂದು ಹೇಗೆ ಹೇಳುವುದು?

ಸೋಲೆಂಟ್ ಸುಮಾ (ಸೌತಾಂಪ್ಟನ್):

ಲೆಕ್ಕಿಗರೇ, ನಿಮ್ಮ ಎರಡನೆಯ ಆಕ್ಷೇಪದಲ್ಲಿ ಸತ್ಯವಿದೆ. ಫ್ಲೈಯಿಂಗ್ ಫಿಫ್ಟೀನ್ ವರ್ಗವೂ ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಹಳೆಯ ದೋಣಿಗಳಿಗೆ 'ಕ್ಲಾಸಿಕ್', 'ಸಿಲ್ವರ್' ಎಂದು ಬೇರೆ ಬಹುಮಾನಗಳಿರುವುದೇ ಅದಕ್ಕೆ. ಆದರೆ ಹ್ಯಾಂಡಿಕ್ಯಾಪ್ ಪಂದ್ಯದ ಅಸಮಾನತೆ ದೋಣಿಯ ಆಕಾರದ್ದಷ್ಟೇ ಅಲ್ಲ, ಕಾಲದ್ದೂ ಹೌದು. ನೀರನ್ನು ತಳ್ಳಿಕೊಂಡು ಸಾಗುವ ದೋಣಿಯ ವೇಗಕ್ಕೆ ನೀರ್ಗೆರೆಯ ಉದ್ದವೇ ಮಿತಿ: ಅಡಿಗಳಲ್ಲಿ ಅಳೆದ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸ್ಥೂಲವಾಗಿ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. 20 ಅಡಿಗೆ ಅದು 6 ನಾಟ್, 30 ಅಡಿಗೆ 7.3 ನಾಟ್. ಒಟ್ಟಿಗೆ ಹೊರಟರೂ ಅರ್ಧ ಗಂಟೆಯಲ್ಲಿ ದೊಡ್ಡದು ಕಣ್ಣಳತೆಯ ದೂರದಲ್ಲಿರುತ್ತದೆ. ಅದು ಉಬ್ಬರವಿಳಿತದ ಪ್ರವಾಹ ತಿರುಗುವ ಮುಂಚೆ ಗೆರೆ ದಾಟಿಬಿಟ್ಟರೆ, ಹಿಂದೆ ಉಳಿದ ಸಣ್ಣ ದೋಣಿಗಳು ಎದುರು ಪ್ರವಾಹದಲ್ಲಿ ತೆವಳಬೇಕು. ಯಾವ ಗುಣಕವೂ ಇದನ್ನು ಸರಿಮಾಡಲಾರದು. ಒಂದೇ ಬಗೆಯ ದೋಣಿಗಳಾದರೆ ಗಾಳಿ ಬಿದ್ದರೂ ಪ್ರವಾಹ ತಿರುಗಿದರೂ ಎಲ್ಲರಿಗೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತದೆ.

ನಮ್ಮಲ್ಲಿ ಎಕ್ಸ್ ಒನ್-ಡಿಸೈನ್ ಎಂಬ ವರ್ಗವಿದೆ. ಆಲ್ಫ್ರೆಡ್ ವೆಸ್ಟ್‌ಮಕಾಟ್ 1909ರಲ್ಲಿ ನಕ್ಷೆ ಮಾಡಿದ, 21 ಅಡಿಗೂ ತುಸು ಕಡಿಮೆ ಉದ್ದದ ಮರದ ದೋಣಿಗಳು. ಫೈಬರ್‌ಗ್ಲಾಸ್‌ನಲ್ಲಿ ಕಟ್ಟಲು ಇಂದಿಗೂ ಅನುಮತಿ ಇಲ್ಲ. ನಾನು ಅದರಲ್ಲಿ ಮುಂದಿನ ಹಗ್ಗಗಳನ್ನು ನೋಡಿಕೊಳ್ಳುತ್ತೇನೆ. ಗಾಳಿ ಪೂರ್ತಿ ನಿಂತು ಪ್ರವಾಹ ಹಿಂದಕ್ಕೆ ಎಳೆಯತೊಡಗಿದಾಗ ಲಂಗರು ಹಾಕಿ ನಿಲ್ಲುವುದು ನಿಯಮಕ್ಕೆ ಒಪ್ಪಿತ. ಅದನ್ನು ಹಾಕುವ ಬಗೆ ನೋಡಬೇಕು: ಪಕ್ಕದ ದೋಣಿಯವರಿಗೆ ಕಾಣದ ಬದಿಯಿಂದ, ಸರಪಳಿ ದೋಣಿಗೆ ತಾಗಿ ಸದ್ದಾಗದಂತೆ, ಒಂದೊಂದೇ ಮೊಳ ಹಗ್ಗ ಬಿಡುತ್ತಾ ಇಳಿಸುತ್ತೇವೆ; ಚುಕ್ಕಾಣಿ ಹಿಡಿದವರು ಮಾತ್ರ ಇನ್ನೂ ಓಡಿಸುತ್ತಿದ್ದೇವೆಂಬ ಮುಖಭಾವದಲ್ಲಿ ಹಾಯಿಯನ್ನೇ ನೋಡುತ್ತಾ ಕೂತಿರುತ್ತಾರೆ. ಪಕ್ಕದವರು ತಾವು ಹಿಂದೆ ಸರಿಯುತ್ತಿದ್ದೇವೆಂದು ತಿಳಿದುಕೊಳ್ಳುವ ಹೊತ್ತಿಗೆ ನಮಗೆ ಹತ್ತು ದೋಣಿಯುದ್ದದ ಲಾಭವಾಗಿರುತ್ತದೆ. 30 ಅಡಿಯ ಕ್ರೂಸರ್ ಒಂದರ ಮೇಲೆ ಇದನ್ನು ಪ್ರಯೋಗಿಸಿ ಏನು ಸಿಕ್ಕೀತು?

ಜೆಟ್ಟಿಯ ಜಗದೀಶ (ಕನೆಕ್ಟಿಕಟ್):

ಹಣದ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ನಮ್ಮ ಕಡೆ ಈ ಬಗೆಯ ಪಂದ್ಯ ಎಂದರೆ ಮೊದಲು ನೆನಪಾಗುವುದು ಜೆ/24 ಎಂಬ ಒನ್-ಡಿಸೈನ್ ಕೀಲ್ ದೋಣಿ. ರಾಡ್ ಜಾನ್‌ಸ್ಟನ್ ಇದೇ ರಾಜ್ಯದ ಸ್ಟೋನಿಂಗ್ಟನ್‌ನಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ 'ರ್‍ಯಾಗ್‌ಟೈಮ್' ಎಂಬ ಮೊದಲ ದೋಣಿಯನ್ನು ಕಟ್ಟಿದರು. 1977ರಿಂದ ಕಾರ್ಖಾನೆಯಲ್ಲಿ ತಯಾರಾಗತೊಡಗಿ ಇಂದಿಗೆ 5,000ಕ್ಕೂ ಹೆಚ್ಚು ದೋಣಿಗಳಾಗಿವೆ. ಅಷ್ಟು ಸಂಖ್ಯೆಯಲ್ಲಿರುವುದರಿಂದ ಹಳೆಯದು ಅಗ್ಗ, ಬಿಡಿಭಾಗ ಸುಲಭ, ಯಾವ ಊರಿಗೆ ಹೋದರೂ ಜೊತೆಗಾರರು ಸಿಗುತ್ತಾರೆ. ಆದರೆ ಅಗ್ಗ ಎಂಬ ಮಾತನ್ನು ನಂಬಿ ಕುರುಡಾಗಿ ಕೊಳ್ಳಬಾರದು. ಇದರ ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿದೆ. ಸ್ಕ್ರೂ ಹಾಕಿದ ತೂತುಗಳಿಂದ ನೀರು ಇಳಿದರೆ ಅದು ಕೊಳೆಯುತ್ತದೆ. ಡೆಕ್ಕನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ; ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ.

ಕೀಲ್ ಸಂಗತಿ ಬೇರೆ. ನಿಯಮವು ಕೀಲಿನ ದಪ್ಪಕ್ಕೆ ಕನಿಷ್ಠ ಅಳತೆಯನ್ನು ಹೇಳುತ್ತದೆ, ಕಾರ್ಖಾನೆಯಿಂದ ಬಂದದ್ದು ಅದಕ್ಕಿಂತ ದಪ್ಪವಾಗಿರಬಹುದು. ಆದ್ದರಿಂದ ಗೆಲ್ಲಲು ಹೊರಟವರು ಅಚ್ಚುಹಲಗೆ ಹಿಡಿದು ನೋಡುತ್ತಾ, ಎಪಾಕ್ಸಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ, ನಿಯಮ ಒಪ್ಪುವ ಕೊನೆಯ ಮಿಲಿಮೀಟರ್‌ವರೆಗೆ ಅದನ್ನು ತೆಳುವಾಗಿಸುತ್ತಾರೆ. ಇದು ಮೋಸವಲ್ಲ, ಆದರೆ ಕೂಲಿ ಕೊಟ್ಟು ಮಾಡಿಸಿದರೆ ಹಳೆಯ ದೋಣಿಯ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋದೀತು. ಕ್ಲಬ್ ಮಟ್ಟದಲ್ಲಿ ಅದರ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬುಧವಾರ ಸಂಜೆಯ ಪಂದ್ಯದಲ್ಲಿ ಒಂದು ಕೆಟ್ಟ ತಿರುವಿನಿಂದ ಕಳೆದುಕೊಳ್ಳುವಷ್ಟು ಅಂತರವನ್ನು ಆ ಮಿಲಿಮೀಟರ್ ಇಡೀ ಋತುವಿನಲ್ಲಿಯೂ ಗಳಿಸಿಕೊಡುವುದಿಲ್ಲ.

ನಾನು ಜೆ/24 ಬಿಟ್ಟದ್ದು ಇದರಿಂದಲ್ಲ, ಜನರಿಂದ. ಅದಕ್ಕೆ ಐದು ಮಂದಿ ಬೇಕು, ಎಲ್ಲರ ಒಟ್ಟು ತೂಕ 400 ಕಿಲೋ ಮೀರಬಾರದು. ಕೆಲಸದ ದಿನ ಮಧ್ಯಾಹ್ನ ಒಬ್ಬರು "ಮೀಟಿಂಗ್ ಮುಗಿದಿಲ್ಲ" ಎಂದರೆ, ಇನ್ನೊಬ್ಬರು "ಮಗುವಿಗೆ ಜ್ವರ" ಎಂದರೆ, ನಾಲ್ಕು ಗಂಟೆಗೆ ನಾನು ಗೊತ್ತಿರುವವರಿಗೆಲ್ಲ ಫೋನ್ ಮಾಡುತ್ತಾ ಕೂರಬೇಕಿತ್ತು. ಈಗ ಬ್ರೂಸ್ ಕರ್ಬಿ 1980ರಲ್ಲಿ ರೂಪಿಸಿದ 23 ಅಡಿಯ ಸೋನಾರ್‌ನಲ್ಲಿದ್ದೇನೆ. ಮೂವರಿದ್ದರೆ ನಡೆಯುತ್ತದೆ, ನಾಲ್ಕನೆಯವರು ಬಂದರೆ ಕಾಲು ಚಾಚಲು ಜಾಗವಿದೆ. ಪ್ಯಾರಾಲಿಂಪಿಕ್ಸ್‌ಗೆ 2000ದಿಂದ 2016ರವರೆಗೆ ಇದನ್ನೇ ಬಳಸಿದ್ದರಿಂದಲೇ ಊಹಿಸಬಹುದು, ಇದನ್ನು ಓಡಿಸಲು ಕಟ್ಟುಮಸ್ತಾದ ಮೈಯೇ ಬೇಕೆಂದಿಲ್ಲ.

ಹಲಸೂರಿನವ (ಬೆಂಗಳೂರು):

ಚರ್ಚೆ ಓದಿ ಸಂತೋಷವಾಯಿತು, ಆದರೆ ಸಂಶಯವೂ ಉಳಿಯಿತು. ನೀವು ಹೇಳಿದ ಗುಣಗಳೆಲ್ಲ ಲೇಸರ್‌ನಂತಹ ಕೀಲಿಲ್ಲದ ಡಿಂಗಿಗಳಿಗೂ (ಸಣ್ಣ ತೆರೆದ ಹಾಯಿದೋಣಿಗಳು) ಇವೆ, ಅದೂ ಇನ್ನೂ ಕಡಿಮೆ ಖರ್ಚಿನಲ್ಲಿ. ಒನ್-ಡಿಸೈನ್ ಕಲ್ಪನೆ ಬೇರೂರಿದ್ದೂ ಡಿಂಗಿಯಲ್ಲೇ ಅಲ್ಲವೇ? ಡಬ್ಲಿನ್ ಬಳಿಯ ವಾಟರ್ ವ್ಯಾಗ್ ವರ್ಗ 1887ರದ್ದು. ನಮ್ಮ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್‌ನವರು ಓಡಿಸುವುದೂ ಡಿಂಗಿಗಳನ್ನೇ. ಹೆಚ್ಚು ಆಳವಿಲ್ಲದ ಆ ನೀರಿನಲ್ಲಿ ಕೀಲ್ ದೋಣಿಯ ಮಾತೇ ಬರುವುದಿಲ್ಲ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂದು ಪತ್ರಿಕೆಯಲ್ಲಿ ಓದುತ್ತೇವೆ, ಆದರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರಿನ ಬಯಲು ಕಾಣುವಾಗ ಕ್ರೇನ್ ಎಲ್ಲಿ ನಿಲ್ಲಿಸುವುದು? ಡಿಂಗಿಯಾದರೆ ಇಬ್ಬರು ಎತ್ತಿಕೊಂಡು ಹೋಗಿ ನೀರಿಗಿಡಬಹುದು.

ಮುಂಬಯಿ ಮಾಚವೆ (ಮುಂಬಯಿ):

ಹಲಸೂರಿನವರೇ, ಒಳನಾಡಿನ ಕೆರೆಗೆ ನೀವು ಹೇಳಿದ್ದೇ ಸರಿ. ಸಮುದ್ರದ ಬಂದರಿನಲ್ಲಿ ಲೆಕ್ಕಾಚಾರ ಬೇರೆ. ಇಲ್ಲಿ ಗೇಟ್‌ವೇ ಆಫ್ ಇಂಡಿಯಾದ ಎದುರಿಗೆ ರಾಯಲ್ ಬಾಂಬೆ ಯಾಟ್ ಕ್ಲಬ್‌ನ ಸೀಬರ್ಡ್ ಕೀಲ್ ದೋಣಿಗಳು ಮಳೆಗಾಲ ಮುಗಿದ ಮೇಲೆ ಮೂರಿಂಗ್‌ನಲ್ಲಿ ಸಾಲಾಗಿ ನಿಲ್ಲುವುದನ್ನು ನೋಡಿರಬಹುದು. ಎಲಿಫೆಂಟಾ ಮತ್ತು ಮಾಂಡ್ವಾ ಕಡೆಗೆ ಹೋಗುವ ಲಾಂಚುಗಳು ಎಬ್ಬಿಸುವ ಅಡ್ಡ ಅಲೆ, ಬಂದರಿನ ಬಲವಾದ ಇಳಿತ, ಇವುಗಳ ನಡುವೆ ಡಿಂಗಿ ಮಗುಚಿದರೆ ಅದನ್ನು ಎತ್ತಿ ನಿಲ್ಲಿಸುವುದು ಯುವಕರಿಗೂ ಶ್ರಮದ ಕೆಲಸ. ಕೀಲಿನ ಭಾರ ಆ ಚಿಂತೆಯನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಅರವತ್ತು ದಾಟಿದವರು ಚುಕ್ಕಾಣಿ ಹಿಡಿದು, ಕಾಲೇಜು ಹುಡುಗಿ ಜಿಬ್ ಹಗ್ಗ ಎಳೆಯುತ್ತಾ, ಇಬ್ಬರೂ ಒಂದೇ ದೋಣಿಯಲ್ಲಿ ಸರಿಸಮನಾಗಿ ಸ್ಪರ್ಧಿಸಲು ಸಾಧ್ಯವಾಗುವುದು ಇದರಿಂದಲೇ. ಡಿಂಗಿಯಲ್ಲಿ ನನ್ನ ಮೊಣಕಾಲು ಸೋತ ಮೇಲೆ ನಾನು ಆಟವನ್ನೇ ಬಿಡಬೇಕಾಗಿತ್ತು. ಬಿಡದೆ ಉಳಿದದ್ದು ಹೀಗೆ. ನಮ್ಮ ಅಜ್ಜ ಮಂಗಳೂರಿನ ಹಂಚು ಹೊತ್ತು ಇದೇ ಬಂದರಿಗೆ ಬರುತ್ತಿದ್ದ ಮಂಜಿ ಎಂಬ ಸರಕಿನ ಹಾಯಿದೋಣಿಯಲ್ಲಿ ದುಡಿದವರು. ಪಂದ್ಯಕ್ಕಾಗಿ ಹಾಯಿ ಏರಿಸುವುದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ.

ಶರಾವತಿ ತೀರ:

ಎಲ್ಲರಿಗೂ ಧನ್ಯವಾದಗಳು. ಒಂದು ಭಯವನ್ನು ಮುಂದಿಡುತ್ತೇನೆ: ಮಗುಚುವುದಿಲ್ಲ ಸರಿ, ಆದರೆ ಒಳಗೆ ನೀರು ತುಂಬಿದರೆ ಕೀಲಿನ ಭಾರಕ್ಕೆ ಮುಳುಗಿಬಿಡುವುದಿಲ್ಲವೇ? ಹೋತ್‌ನ (ಡಬ್ಲಿನ್ ಬಳಿಯ ಬಂದರು) ಹಳೆಯ ದೋಣಿಗಳನ್ನು ನೋಡಿದಾಗ ಈ ಪ್ರಶ್ನೆ ಬಂತು. ಅಲ್ಲದೆ ಲೆಕ್ಕಿಗರ ಮೊದಲ ಆಕ್ಷೇಪಕ್ಕೆ, ಅಂದರೆ ಸದಾ ಕೊನೆಯಲ್ಲಿ ಬರುವವರು ಏಕೆ ಉಳಿಯಬೇಕೆಂಬುದಕ್ಕೆ, ಇನ್ನೂ ಉತ್ತರ ಬಂದಿಲ್ಲ. ನಾವಿಬ್ಬರೂ ಮೊದಲ ಋತುವಿನಲ್ಲಿ ಕೊನೆಯಲ್ಲೇ ಇರುತ್ತೇವೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಳೆಯ ಹಾಯಿಗಾರ:

ಮುಳುಗುವ ಪ್ರಶ್ನೆ ನ್ಯಾಯವಾದದ್ದು. ತೆರೆದ ಒಡಲಿನ, ಒಳಗೆ ಗಾಳಿಪೆಟ್ಟಿಗೆಗಳಿಲ್ಲದ ಹಳೆಯ ಕೀಲ್ ದೋಣಿಗೆ ನೀರು ತುಂಬಿದರೆ ಅದು ಮುಳುಗಬಲ್ಲದು. ಅದಕ್ಕೇ ಗಾಳಿ ಹೆಚ್ಚಾದಾಗ ಅಂತಹ ವರ್ಗಗಳ ಪಂದ್ಯವನ್ನು ಬೇಗ ರದ್ದು ಮಾಡುತ್ತಾರೆ. ಫ್ಲೈಯಿಂಗ್ ಫಿಫ್ಟೀನ್‌ನಲ್ಲಿ ಮುಂದೆಯೂ ಹಿಂದೆಯೂ ಮುಚ್ಚಿದ ಕೋಣೆಗಳಿವೆ. ಕೊಳ್ಳುವ ಮುಂಚೆ ಅವುಗಳ ಮುಚ್ಚಳದ ರಬ್ಬರ್ ನೋಡಿ, ಒಳಗೆ ಕೈಹಾಕಿ ತೇವವಿದೆಯೇ ಪರೀಕ್ಷಿಸಿ. ಕೀಲಿನ ಬೋಲ್ಟುಗಳ ಸುತ್ತ ತುಕ್ಕಿನ ಕಲೆ ಇದೆಯೇ ಎಂಬುದನ್ನೂ ನೋಡಿ.

ಹೋತ್‌ನ ದೋಣಿಗಳ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅಲ್ಲಿದೆ. ಹೋತ್ 17 ವರ್ಗವನ್ನು ವಾಲ್ಟರ್ ಬಾಯ್ಡ್ ರೂಪಿಸಿದರು. ಮೊದಲ ಐದು ದೋಣಿಗಳು ಕ್ಯಾರಿಕ್‌ಫರ್ಗಸ್‌ನಲ್ಲಿ ಸಿದ್ಧವಾಗಿ 1898ರ ವಸಂತದಲ್ಲಿ ಹಾಯಿ ಬಿಚ್ಚಿಕೊಂಡೇ ಹೋತ್‌ಗೆ ಬಂದವು. ಇಂದಿಗೂ ಮೇಲಂಚನ್ನು ಓರೆಯಾದ ಕೋಲಿಗೆ ಕಟ್ಟಿದ ಅದೇ ಗ್ಯಾಫ್ ಹಾಯಿ, ಅದರ ಮೇಲೆ ಟಾಪ್‌ಸೇಲ್ ಎಂಬ ಸಣ್ಣ ಹಾಯಿ, ಅದೇ ಮರದ ಒಡಲು. 2018ರ ಮಾರ್ಚ್‌ನಲ್ಲಿ ಎಮ್ಮಾ ಚಂಡಮಾರುತ ಬಂದಾಗ ಅವನ್ನು ಚಳಿಗಾಲಕ್ಕೆ ಇಟ್ಟಿದ್ದ ಕಟ್ಟೆಯ ಮೇಲಿನ ಷೆಡ್ಡೇ ಒಡೆದು ಹಲವು ದೋಣಿಗಳು ಜಖಂಗೊಂಡವು. ನೂರಿಪ್ಪತ್ತು ವರ್ಷದ ದೋಣಿಗೆ ಅಷ್ಟು ಪೆಟ್ಟಾದರೆ ವಿಮೆಯ ಹಣ ಪಡೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವರು ಹಾಗೆ ಮಾಡದೆ ಅವನ್ನು ಮತ್ತೆ ಕಟ್ಟಿಸಿ ನೀರಿಗಿಳಿಸಿದರು. ಅಲ್ಲಿನ ದೋಣಿಗಳಿಗೆ ಬೇಗ ಓಡುವ ಗುಣವಿಲ್ಲ, ಆರಾಮವೂ ಇಲ್ಲ. ಅವು ಉಳಿದದ್ದು ಒಬ್ಬರ ದೋಣಿ ಇನ್ನೊಬ್ಬರ ದೋಣಿ ಇಲ್ಲದೆ ಪಂದ್ಯಕ್ಕೆ ನಿಲ್ಲಲಾರದೆಂಬ ಕಾರಣಕ್ಕೆ.

ಕೊನೆಯಲ್ಲಿ ಬರುವವರ ವಿಷಯವೂ ಇದಕ್ಕೇ ಸೇರಿದ್ದು. ಇಪ್ಪತ್ತು ದೋಣಿಗಳಿದ್ದರೆ ನಿಮಗೆ ಮೊದಲ ಸ್ಥಾನದ ಚಿಂತೆ ಇರುವುದಿಲ್ಲ. ಹದಿನೇಳನೆಯವರನ್ನು ಹಿಂದೆ ಹಾಕುವುದೇ ಆ ಸಂಜೆಯ ಪಂದ್ಯವಾಗುತ್ತದೆ, ಮತ್ತು ಅದು ಮುಂದಿನ ಸಾಲಿನ ಪಂದ್ಯದಷ್ಟೇ ತೀವ್ರವಾಗಿರುತ್ತದೆ. ಗೆದ್ದವರ ಬಳಿ ಹೋಗಿ "ನಿಮ್ಮ ಕೂವೆಮರದ (ಹಾಯಿ ಕಟ್ಟುವ ಕಂಬದ) ತಂತಿಗಳನ್ನು ಎಷ್ಟಕ್ಕೆ ಬಿಗಿದಿದ್ದೀರಿ?" ಎಂದು ಕೇಳಿದರೆ ಅಂಕಿಯನ್ನೇ ಹೇಳುತ್ತಾರೆ; ನಿಮ್ಮದು ಅದೇ ದೋಣಿಯಾದ್ದರಿಂದ ಆ ಅಂಕಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಇಷ್ಟಿದ್ದೂ ದೋಣಿಗಳು ಐದಾರಕ್ಕೆ ಇಳಿದ ಕಡೆ ಲೆಕ್ಕಿಗರ ಮಾತು ಅಕ್ಷರಶಃ ನಿಜ. ಅಲ್ಲಿ ಹೊಸಬರಿಗೆ ದಾಟಲು ಯಾರೂ ಸಿಗುವುದಿಲ್ಲ.

ಲೆಕ್ಕಿಗ:

ಒಪ್ಪಿದೆ. ಹಾಗಾದರೆ ಸಲಹೆಯನ್ನು ಹೀಗೆ ತಿದ್ದೋಣ: ಒನ್-ಡಿಸೈನ್ ಎಂಬ ಕಾರಣಕ್ಕೆ ಯಾವ ದೋಣಿಯನ್ನೂ ಕೊಳ್ಳಬಾರದು. ನಿಮ್ಮ ಬಂದರಿನಲ್ಲಿ ಅದೇ ಬಗೆಯವು ಹತ್ತಕ್ಕಿಂತ ಹೆಚ್ಚು ನೀರಿಗಿಳಿಯುತ್ತಿದ್ದರೆ ಮಾತ್ರ ಕೊಳ್ಳಿ. ಎಟ್ಚೆಲ್ಸ್ ಅಥವಾ ಡ್ರ್ಯಾಗನ್‌ನಂತಹ ಒನ್-ಡಿಸೈನ್ ಕೀಲ್ ದೋಣಿ ಎಷ್ಟೇ ಸುಂದರವಾಗಿದ್ದರೂ ಜೊತೆಗೆ ಯಾರೂ ಇಲ್ಲದಿದ್ದರೆ ಅದೂ ಹ್ಯಾಂಡಿಕ್ಯಾಪ್ ಗುಂಪಿಗೇ ಬಂದು ಸೇರಬೇಕು. ಆಗ ನಾನು ಅದಕ್ಕೂ ಒಂದು ಗುಣಕ ಹುಡುಕಿಕೊಡುತ್ತೇನೆ.

ಸೋಲೆಂಟ್ ಸುಮಾ:

ಇನ್ನೊಂದು ವ್ಯಾವಹಾರಿಕ ಮಾತು. ಪಾಲುದಾರಿಕೆಯಲ್ಲಿ ಕೊಳ್ಳುತ್ತಿರುವುದರಿಂದ ಚುಕ್ಕಾಣಿ ಯಾರು ಹಿಡಿಯುವುದೆಂದು ಈಗಲೇ ಮಾತಾಡಿಕೊಳ್ಳಿ. ಪಂದ್ಯದ ಮಧ್ಯದಲ್ಲಿ ಬದಲಾಯಿಸಿಕೊಳ್ಳುವುದಕ್ಕಿಂತ ಒಂದು ವಾರ ಒಬ್ಬರು, ಮರುವಾರ ಇನ್ನೊಬ್ಬರು ಎಂದಿಟ್ಟುಕೊಂಡರೆ ಇಬ್ಬರೂ ಬೇಗ ಕಲಿಯುತ್ತೀರಿ. ಹಾಯಿ ಹೊಸದು ಯಾವಾಗ, ಅದರ ಖರ್ಚು ಹೇಗೆ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ; ಸ್ನೇಹ ಕೆಡುವುದು ಸಾಮಾನ್ಯವಾಗಿ ಅಲ್ಲೇ.

ಶರಾವತಿ ತೀರ:

ಸರಿ, ಹಳೆಯ ಹಾಯಿಗಾರರೇ, ಕೊಳ್ಳುವ ಮುಂಚೆ ಕೆಲವು ಗುರುವಾರ ಯಾರದಾದರೂ ಫಿಫ್ಟೀನ್‌ನಲ್ಲಿ ಮುಂದೆ ಕೂರಲು ಅವಕಾಶ ಸಿಗಬಹುದೇ?

ಹಳೆಯ ಹಾಯಿಗಾರ:

ಖಂಡಿತ ಸಿಗುತ್ತದೆ. ಋತುವಿನ ನಡುವೆ ರಜೆಗೆ ಹೋಗುವವರು ಇದ್ದೇ ಇರುತ್ತಾರೆ, ಆದ್ದರಿಂದ ಇಬ್ಬರ ದೋಣಿಯಲ್ಲಿ ಎರಡನೆಯವರ ಜಾಗ ಆಗಾಗ ಖಾಲಿಯಾಗುತ್ತದೆ. ಐದು ನಿಮಿಷದ ಬಾವುಟ ಏರುವುದಕ್ಕೆ ಒಂದು ಗಂಟೆ ಮುಂಚೆ ಕ್ರೇನ್ ಹತ್ತಿರ ಬಂದು ನಿಲ್ಲಿ, ಲೈಫ್ ಜಾಕೆಟ್, ಕೈಗವಸು ತನ್ನಿ, ಜೀನ್ಸ್ ಹಾಕಿಕೊಂಡು ಬರಬೇಡಿ. ಸ್ಪಿನ್ನೇಕರ್ (ಗಾಳಿ ಹಿಂದಿನಿಂದ ಬೀಸುವಾಗ ಏರಿಸುವ ದೊಡ್ಡ ಹಾಯಿ) ಕೋಲನ್ನು ಕೂವೆಮರಕ್ಕೆ ಸಿಕ್ಕಿಸುವುದನ್ನು ದಡದಲ್ಲೇ ನಾಲ್ಕಾರು ಸಲ ಮಾಡಿಸಿ ತೋರಿಸುತ್ತೇನೆ. ಮೊದಲ ಮಾರ್ಕ್ (ಪಂದ್ಯದ ದಾರಿ ತೋರುವ ತೇಲುಗುರುತು) ತಿರುಗುವಾಗ ವಿವರಿಸಲು ಹೊತ್ತಿರುವುದಿಲ್ಲ.